ಗಂಗೋತ್ರಿ ಹಿಮನದಿ ಮತ್ತು ಅದು ಕೆತ್ತಿದ ನೆಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಕರ್ನಾಟಕದಿಂದ ಬಹಳ ಜನ ಚಾರ್‌ಧಾಮ್ ಯಾತ್ರೆಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಗಂಗೋತ್ರಿ ದೇವಸ್ಥಾನದಿಂದ ಮುಂದೆ ಇನ್ನೂ 18 ಕಿಲೋಮೀಟರ್ ನಡೆದು, ಹಿಮನದಿಯ ತುದಿಯಾದ ಗೋಮುಖ ನೋಡಿಕೊಂಡು ಬರುತ್ತಾರೆ. ಹೋಗಿ ಬಂದವರೂ ಹೋಗಲಿರುವವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಗಂಗೋತ್ರಿ ಹಿಮನದಿ ಈ ಹೊತ್ತಿಗೂ ಚಲಿಸುತ್ತಿದೆ, ಕಲ್ಲು ಹೊರುತ್ತಿದೆ, ಬಂಡೆ ಸವೆಸುತ್ತಿದೆ. ಆ ಕೆಲಸದ ಗುರುತುಗಳು ದಾರಿಯುದ್ದಕ್ಕೂ ಇವೆ. ಅವನ್ನು ಗುರುತಿಸಲು ಬಂದರೆ ಅದೇ ದಾರಿ ಬೇರೆ ಥರ ಕಾಣುತ್ತದೆ.

ಹಿಮ ಬಿದ್ದ ಬೆಟ್ಟವೆಲ್ಲ ಹಿಮನದಿಯಾ?

ಅಲ್ಲ. ಮನಾಲಿಯಲ್ಲಿ ಜನವರಿಯಲ್ಲಿ ಬಿದ್ದ ಹಿಮ ಮೇ ತಿಂಗಳಿಗೆ ಕರಗಿ ಹೋದರೆ ಅದು ಬರೀ ಹಿಮ. ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗದೆ, ಅದರ ಮೇಲೆ ಮುಂದಿನ ವರ್ಷದ್ದು, ಅದರ ಮೇಲೆ ಇನ್ನೊಂದು ವರ್ಷದ್ದು ಕೂರುತ್ತಾ ಹೋಗಬೇಕು. ಮೇಲಿನ ಭಾರಕ್ಕೆ ಕೆಳಗಿನ ಹಿಮದ ಗಾಳಿ ಹೊರಟುಹೋಗಿ, ಅದು ಕಾಳು ಕಾಳಾಗಿ, ಕೊನೆಗೆ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಹತ್ತಾರು ಮೀಟರ್ ದಪ್ಪವಾದ ಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನ ಕಡೆ ಹರಿಯಲು ಶುರು ಮಾಡುತ್ತದೆ. ಹರಿಯುವುದೇ ಇಲ್ಲಿ ಮುಖ್ಯ. ಚಲಿಸದ ಮಂಜುಗಡ್ಡೆಯನ್ನು ಹಿಮನದಿ ಅನ್ನುವುದಿಲ್ಲ.

ಗಟ್ಟಿ ಮಂಜುಗಡ್ಡೆ ಹರಿಯೋದು ಹೇಗೆ?

ಎರಡು ಥರ. ಒಂದು, ಗಡ್ಡೆಯ ಒಳಗಿನ ಹರಳುಗಳು ಒತ್ತಡಕ್ಕೆ ಒಂದರ ಮೇಲೊಂದು ಜರುಗುತ್ತವೆ. ಆಲೆಮನೆಯಲ್ಲಿ ತಣ್ಣಗಾದ ಜೋನಿಬೆಲ್ಲ ಡಬ್ಬದಿಂದ ಇಳಿಯುವುದನ್ನು ನೋಡಿದವರಿಗೆ ಈ ಚಲನೆ ಸುಲಭವಾಗಿ ಅರ್ಥವಾಗುತ್ತದೆ: ನಡುಭಾಗ ಮುಂದೆ, ಅಂಚು ಹಿಂದೆ. ಎರಡನೆಯದು, ಗಡ್ಡೆಯ ಅಡಿಯಲ್ಲಿ ಕರಗಿದ ನೀರಿನ ತೆಳು ಪದರ ಇದ್ದರೆ ಇಡೀ ಹಿಮನದಿ ಬಂಡೆಯ ಮೇಲೆ ಜಾರುತ್ತದೆ.

ಇದು ಗೊತ್ತಾಗಿ ತುಂಬಾ ಕಾಲವೇನೂ ಆಗಿಲ್ಲ. ಸ್ವಿಟ್ಜರ್ಲೆಂಡಿನ ಉಂಟೆರಾರ್ ಹಿಮನದಿಯ ಮೇಲೆ ಹೂಗಿ ಎಂಬ ವಿಜ್ಞಾನಿ 1827ರಲ್ಲಿ ಒಂದು ಗುಡಿಸಲು ಕಟ್ಟಿದ್ದರು. ಸುಮಾರು ಹನ್ನೆರಡು ವರ್ಷ ಕಳೆದು ಲೂಯಿ ಅಗಾಸಿ ಅಲ್ಲಿಗೆ ಹೋದಾಗ ಆ ಗುಡಿಸಲು ಒಂದು ಕಿಲೋಮೀಟರಿಗಿಂತ ಜಾಸ್ತಿ ಕೆಳಗೆ ಸಿಕ್ಕಿತು. ಅದನ್ನು ಯಾರೂ ಎಳೆದಿರಲಿಲ್ಲ. ಅದರ ಕೆಳಗಿನ ನೆಲವೇ ನಡೆದಿತ್ತು.

ವೇಗ ಎಲ್ಲ ಕಡೆ ಒಂದೇ ಅಲ್ಲ. ಗಂಗೋತ್ರಿಯ ನಡುಭಾಗ ವರ್ಷಕ್ಕೆ ಹತ್ತಾರು ಮೀಟರ್ ಚಲಿಸುತ್ತದೆ, ತುದಿಯ ಹತ್ತಿರ ಇನ್ನೂ ನಿಧಾನ. ಗ್ರೀನ್‌ಲ್ಯಾಂಡಿನ ಯಾಕೋಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ವೇಗ ಮುಟ್ಟಿತ್ತು.

ಗಂಗೋತ್ರಿ ಹಿಮನದಿ ಎಷ್ಟು ದೊಡ್ಡದು?

ಉದ್ದ ಸುಮಾರು 30 ಕಿಲೋಮೀಟರ್. ಅಗಲ ಅರ್ಧ ಕಿಲೋಮೀಟರಿನಿಂದ ಎರಡೂವರೆ ಕಿಲೋಮೀಟರ್. 7,138 ಮೀಟರ್ ಎತ್ತರದ ಚೌಖಂಬಾ ಶಿಖರದ ಬುಡದಲ್ಲಿ ಹುಟ್ಟಿ, ಸುಮಾರು 4,000 ಮೀಟರ್ ಎತ್ತರದ ಗೋಮುಖದಲ್ಲಿ ಮುಗಿಯುತ್ತದೆ. ಕೀರ್ತಿ, ಸ್ವಚ್ಛಂದ, ಘನೋಹಿಮ್ ಥರದ ಪಕ್ಕದ ಹಿಮನದಿಗಳು ಇದಕ್ಕೆ ಬಂದು ಸೇರುತ್ತವೆ. ರಕ್ತವರ್ಣ, ಚತುರಂಗಿ, ಮೇರು ಕೂಡ ಹಿಂದೆ ಸೇರುತ್ತಿದ್ದವು. ಈಗ ಅವು ಕುಗ್ಗಿ ಮುಖ್ಯ ಹಿಮನದಿಯಿಂದ ಬೇರೆಯಾಗಿವೆ, ಅವುಗಳ ನೀರು ಮಾತ್ರ ಬಂದು ಸೇರುತ್ತದೆ.

ನಾವು ಗೋಮುಖಕ್ಕೆ ಹೋದೆವು. ಬರೀ ಕಲ್ಲು, ಮಣ್ಣು. ಹಿಮನದಿ ಎಲ್ಲಿತ್ತು?

ನೀವು ನೋಡಿದ ಆ ಕಲ್ಲುಗುಡ್ಡೆಗಳ ಕೆಳಗೇ ಇತ್ತು. ಬಹಳ ಜನ ಬೇಜಾರಾಗಿ ವಾಪಸ್ ಬರುವುದು ಈ ಕಾರಣಕ್ಕೇ. ಫೋಟೋಗಳಲ್ಲಿ ನೋಡಿದ ಬೆಳ್ಳಗಿನ ಹಿಮನದಿ ಅಲ್ಲಿ ಇಲ್ಲ.

ಹಿಮಾಲಯದ ಶಿಖರಗಳು ಕಡಿದಾದವು. ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಬಂಡೆಯ ಸಂದಿಗಿಳಿದ ನೀರು ಹೆಪ್ಪುಗಟ್ಟಿ ಬಂಡೆಯನ್ನು ಒಡೆಯುತ್ತದೆ. ಒಡೆದ ಕಲ್ಲು ಹಿಮನದಿಯ ಮೇಲೆ ಉರುಳುತ್ತದೆ. ಮೇಲ್ಭಾಗದಲ್ಲಿ ಆ ಕಲ್ಲುಗಳನ್ನು ಹೊಸ ಹಿಮ ಮುಚ್ಚಿಬಿಡುತ್ತದೆ. ಕೆಳಭಾಗಕ್ಕೆ ಬಂದಂತೆ ಗಡ್ಡೆ ಕರಗುತ್ತಾ ಒಳಗಿದ್ದ ಕಲ್ಲುಗಳೆಲ್ಲ ಮೇಲಕ್ಕೆ ಬಂದು ಕೂರುತ್ತವೆ. ಹೀಗಾಗಿ ಗಂಗೋತ್ರಿಯ ಕೆಳಗಿನ ಭಾಗ ಪೂರ್ತಿ ಕಲ್ಲಿನ ಹೊದಿಕೆಯಡಿ ಇದೆ.

ಈ ಹೊದಿಕೆ ಸುಮ್ನೆ ಕೂತಿಲ್ಲ. ಒಂದೆರಡು ಸೆಂಟಿಮೀಟರ್ ತೆಳುವಾಗಿದ್ದರೆ ಬಿಸಿಲು ಹೀರಿ ಕೆಳಗಿನ ಗಡ್ಡೆಯನ್ನು ಬೇಗ ಕರಗಿಸುತ್ತದೆ. ದಪ್ಪವಾಗಿದ್ದರೆ ಬಿಸಿಲು ಒಳಗೆ ಹೋಗದಂತೆ ತಡೆದು ಗಡ್ಡೆಯನ್ನು ಉಳಿಸುತ್ತದೆ. ಒಂದೇ ಹಿಮನದಿಯ ಮೇಲೆ ಎರಡೂ ನಡೆಯುವುದರಿಂದ ಮೇಲ್ಮೈ ಸಮತಟ್ಟಾಗಿ ಕರಗುವುದಿಲ್ಲ. ಎಲ್ಲಿ ನೋಡಿದರೂ ಗುಂಡಿ, ದಿಣ್ಣೆ, ಅಲ್ಲಲ್ಲಿ ಬೆತ್ತಲಾದ ಮಂಜಿನ ಗೋಡೆ. ಕರಗುವ ಕೆಲಸ ಜೋರಾಗಿ ನಡೆಯುವುದು ಆ ಬೆತ್ತಲೆ ಗೋಡೆಗಳಲ್ಲೇ. ಅದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ನೀರು ತೊಟ್ಟಿಕ್ಕುತ್ತದೆ, ಮೇಲಿನ ಅಂಚಿನಿಂದ ಒಂದು ಚಿಕ್ಕ ಕಲ್ಲು ಸಡಿಲಾಗಿ ಜಾರುತ್ತದೆ, ಅದರ ಹಿಂದೆ ಒಂದು ಹಿಡಿ ಮರಳು, ಆಮೇಲೆ ಒಂದು ದಪ್ಪ ಕಲ್ಲು.

ಗೋಮುಖ ಹಸುವಿನ ಮುಖದ ಹಾಗೆ ಯಾಕೆ ಕಾಣೋದಿಲ್ಲ?

ಗೋಮುಖ ಹಿಮನದಿಯ ಮೂತಿ, ಅಂದರೆ ಕೊನೆಯ ತುದಿ. ಹಿಮನದಿಯ ಅಡಿಯಲ್ಲಿ ಹರಿದು ಬಂದ ನೀರು ಅಲ್ಲಿ ಹೊರಬರುತ್ತದೆ. ನೀರು ಗಡ್ಡೆಯನ್ನು ಕೊರೆದು ಗುಹೆ ಮಾಡುತ್ತದೆ. ಗುಹೆ ದೊಡ್ಡದಾದಂತೆ ಚಾವಣಿ ಕುಸಿಯುತ್ತದೆ. ಕುಸಿದ ಮೇಲೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಅದರ ಆಕಾರ ವರ್ಷವರ್ಷಕ್ಕೂ ಬದಲಾಗುತ್ತದೆ, ಒಂದೇ ಋತುವಿನಲ್ಲೂ ಬದಲಾಗುತ್ತದೆ. ನಿಮ್ಮ ಅಪ್ಪ ಅಮ್ಮ ಯಾತ್ರೆಗೆ ಹೋದಾಗ ನೋಡಿದ ಗೋಮುಖ ನಿಮಗೆ ಸಿಗುವುದಿಲ್ಲ. ಅದು ಇದ್ದ ಜಾಗದಲ್ಲಿ ಈಗ ನದಿ ಹರಿಯುತ್ತಿದೆ.

ಹಿಮನದಿ ಮುಂದಕ್ಕೆ ಹರಿಯುತ್ತೆ ಅಂತೀರಿ, ಹಿಂದಕ್ಕೆ ಸರಿಯುತ್ತಿದೆ ಅಂತಲೂ ಅಂತೀರಿ. ಯಾವುದು ನಿಜ?

ಎರಡೂ ನಿಜ. ಗಡ್ಡೆ ಯಾವಾಗಲೂ ಕೆಳಕ್ಕೇ ಹರಿಯುತ್ತದೆ. ಅದು ವಾಪಸ್ ಮೇಲಕ್ಕೆ ಹೋಗುವುದಿಲ್ಲ. ಆದರೆ ತುದಿ ಎಲ್ಲಿರಬೇಕು ಅನ್ನುವುದನ್ನು ಎರಡು ಲೆಕ್ಕ ತೀರ್ಮಾನಿಸುತ್ತವೆ: ಮೇಲಿಂದ ಎಷ್ಟು ಗಡ್ಡೆ ಬರುತ್ತಿದೆ, ತುದಿಯಲ್ಲಿ ಎಷ್ಟು ಕರಗುತ್ತಿದೆ. ಬರುವುದಕ್ಕಿಂತ ಕರಗುವುದು ಜಾಸ್ತಿಯಾದರೆ ತುದಿ ಹಿಂದೆ ಸರಿಯುತ್ತದೆ.

ಗೋಮುಖದ ವಿಷಯದಲ್ಲಿ ನಮ್ಮ ಹತ್ತಿರ ಒಳ್ಳೆಯ ಹಳೆಯ ದಾಖಲೆ ಇದೆ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಜಾನ್ ಆಡೆನ್ ಅದರ ನಕ್ಷೆ ಮಾಡಿದರು. ಅಲ್ಲಿಂದ 1996ರವರೆಗೆ ತುದಿ ಒಂದು ಕಿಲೋಮೀಟರಿಗಿಂತ ಜಾಸ್ತಿ ಹಿಂದೆ ಸರಿದಿದೆ. ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು 19 ಮೀಟರ್. ಆಮೇಲಿನ ವರ್ಷಗಳಲ್ಲಿ ತುದಿ ಸರಿಯುವ ವೇಗ ಸ್ವಲ್ಪ ತಗ್ಗಿದೆ. ಇದನ್ನು ಹಿಡಿದುಕೊಂಡು ‘ಹಿಮನದಿ ಚೇತರಿಸಿಕೊಳ್ಳುತ್ತಿದೆ’ ಅನ್ನುವವರೂ ಇದ್ದಾರೆ. ಅದು ತಪ್ಪು. ಕಲ್ಲು ಮುಚ್ಚಿದ ಹಿಮನದಿ ತುದಿಯಲ್ಲಿ ಸರಿಯುವುದಕ್ಕಿಂತ ಮೇಲಿನಿಂದ ತೆಳ್ಳಗಾಗುವುದೇ ಜಾಸ್ತಿ. ತುದಿಯೊಂದನ್ನೇ ನೋಡಿದರೆ ಆ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಕೆನಡಾದಲ್ಲಿರುವ ಕನ್ನಡಿಗರು ಜಾಸ್ಪರ್ ಕಡೆ ಹೋದಾಗ ಅಥಾಬಾಸ್ಕಾ ಹಿಮನದಿ ನೋಡಿರುತ್ತೀರಿ. ಅಲ್ಲಿ ದಾರಿಯಲ್ಲಿ ಇಸವಿ ಬರೆದ ಫಲಕಗಳಿವೆ. ಆಯಾ ಇಸವಿಯಲ್ಲಿ ಹಿಮನದಿಯ ತುದಿ ಅಲ್ಲಿತ್ತು ಅಂತ. ಇವತ್ತಿನ ತುದಿ ಮುಟ್ಟಲು ಆ ಫಲಕಗಳನ್ನೆಲ್ಲ ದಾಟಿ ನಡೆಯಬೇಕು.

ಹಿಮನದಿಯಲ್ಲಿ ಬಿರುಕು ಬೀಳೋದು ಯಾಕೆ? ಎಷ್ಟು ಆಳ ಇರುತ್ತೆ?

ಗಡ್ಡೆಯ ಕೆಳಭಾಗ ಭಾರಕ್ಕೆ ಮೆತ್ತಗಾಗಿ ಹರಿಯುತ್ತದೆ. ಮೇಲಿನ ಪದರದ ಮೇಲೆ ಅಷ್ಟು ಭಾರವಿಲ್ಲ, ಅದು ಪೆಡಸು. ಕೆಳಗಿನದು ಎಳೆದರೆ ಮೇಲಿನದು ಸೀಳುತ್ತದೆ. ಕಣಿವೆ ಇಳಿಜಾರಾಗುವ ಕಡೆ ಅಡ್ಡ ಬಿರುಕು. ಅಂಚಿನಲ್ಲಿ ಬಂಡೆ ಹಿಡಿದು ನಿಲ್ಲಿಸಿ, ನಡುಭಾಗ ಮುಂದೆ ಹೋಗುವ ಕಡೆ ಓರೆ ಬಿರುಕು. ಹಿಮನದಿ ಅಗಲವಾಗಿ ಹರಡಿಕೊಳ್ಳುವ ಕಡೆ ಉದ್ದ ಬಿರುಕು. ನಕ್ಷೆ ಇಲ್ಲದೆಯೂ ಬಿರುಕುಗಳನ್ನು ನೋಡಿ ಕೆಳಗಿನ ನೆಲ ಹೇಗಿದೆ ಅಂತ ಅಂದಾಜು ಮಾಡಬಹುದು.

ಆಳ ಸಾಮಾನ್ಯವಾಗಿ 30ರಿಂದ 50 ಮೀಟರ್. ಇನ್ನೂ ಕೆಳಗೆ ಹೋದರೆ ಒತ್ತಡಕ್ಕೆ ಗಡ್ಡೆ ಮತ್ತೆ ಕೂಡಿಕೊಳ್ಳುತ್ತದೆ. ಬಾಯಿ ತೆರೆದ ಬಿರುಕಿಗಿಂತ ಹೊಸ ಹಿಮ ಮುಚ್ಚಿದ ಬಿರುಕು ಅಪಾಯ. ಮೇಲೆ ನೋಡಲು ಸಮತಟ್ಟು, ಕೆಳಗೆ ಖಾಲಿ. ಅನುಭವಿಗಳು ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುವುದು ಇದಕ್ಕೇ.

ಎವರೆಸ್ಟ್ ದಾರಿಯ ಖುಂಬು ಐಸ್‌ಫಾಲ್ ಅಂದರೆ ಏನು?

ಹಿಮನದಿ ಕಡಿದಾದ ಬಂಡೆಯ ಮೇಲಿಂದ ಇಳಿಯುವ ಜಾಗ. ನದಿಗೆ ಜಲಪಾತ ಇದ್ದಂತೆ ಹಿಮನದಿಗೂ ಇದೆ, ಆದರೆ ಇಲ್ಲಿ ಬೀಳುವುದು ಮನೆಗಾತ್ರದ ಮಂಜಿನ ತುಂಡುಗಳು. ಖುಂಬುವಿನಲ್ಲಿ ಗಡ್ಡೆ ದಿನಕ್ಕೆ ಸುಮಾರು ಒಂದು ಮೀಟರ್ ಕೆಳಗಿಳಿಯುತ್ತದೆ. ನಿನ್ನೆ ಕಟ್ಟಿದ ಏಣಿ ಇವತ್ತು ವಾಲಿರುತ್ತದೆ. ಅದನ್ನು ದಿನವೂ ಸರಿ ಮಾಡುವವರು ಶೆರ್ಪಾಗಳು. 2014ರ ಏಪ್ರಿಲ್ 18ರಂದು ಮೇಲಿನಿಂದ ಮಂಜು ಕುಸಿದು ಅಲ್ಲಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಶಿಖರ ಹತ್ತಿದವರ ಹೆಸರು ನೆನಪಿಡುವ ನಾವು ಇವರನ್ನೂ ನೆನೆಯಬೇಕು.

ಕೆಲವು ಐಸ್‌ಫಾಲ್‌ಗಳ ಕೆಳಗೆ ಹಿಮನದಿಯ ಮೇಲೆ ಬಿಲ್ಲಿನ ಆಕಾರದ ಪಟ್ಟೆಗಳು ಕಾಣುತ್ತವೆ. ಒಂದು ಬಿಳಿ, ಒಂದು ಕಪ್ಪು. ಬೇಸಿಗೆಯಲ್ಲಿ ಇಳಿದ ಗಡ್ಡೆಗೆ ದೂಳು ಸೇರಿ ಕಪ್ಪಗಾಗುತ್ತದೆ, ಚಳಿಗಾಲದಲ್ಲಿ ಇಳಿದದ್ದರಲ್ಲಿ ಹಿಮ ತುಂಬಿ ಬೆಳ್ಳಗಿರುತ್ತದೆ. ಒಂದು ಜೋಡಿ ಪಟ್ಟೆ ಅಂದರೆ ಒಂದು ವರ್ಷದ ಪ್ರಯಾಣ. ಫ್ರಾನ್ಸಿನ ಮೇರ್ ದ ಗ್ಲಾಸ್ ಹಿಮನದಿಯಲ್ಲಿ ಜೇಮ್ಸ್ ಫೋರ್ಬ್ಸ್ 1840ರ ದಶಕದಲ್ಲೇ ಇವುಗಳನ್ನು ಗುರುತಿಸಿದ್ದರು.

ಮೊರೇನ್ ಅನ್ನೋ ಪದ ಎಲ್ಲ ಕಡೆ ಕೇಳುತ್ತೇವೆ. ಏನದು?

ಹಿಮನದಿ ಹೊತ್ತು ತಂದು ಗುಡ್ಡೆ ಹಾಕಿದ ಕಲ್ಲು, ಮಣ್ಣು, ಮರಳು. ಹಿಮನದಿ ನೋಡಲು ಹೋದವರು ಗಡ್ಡೆಗಿಂತ ಜಾಸ್ತಿ ಹೊತ್ತು ಕಳೆಯುವುದು ಮೊರೇನ್ ಮೇಲೆಯೇ.

ನದಿ ತಂದ ಕಲ್ಲಿಗೂ ಇದಕ್ಕೂ ವ್ಯತ್ಯಾಸ ಸುಲಭ. ನದಿ ಕಲ್ಲುಗಳನ್ನು ಆರಿಸುತ್ತದೆ: ದಪ್ಪದ್ದು ಮೇಲ್ಗಡೆ ಬಿಟ್ಟು, ಸಣ್ಣದನ್ನು ಮುಂದೆ ಒಯ್ಯುತ್ತದೆ, ಮೂಲೆಗಳನ್ನು ಸವೆಸಿ ಗುಂಡಗೆ ಮಾಡುತ್ತದೆ. ಹಿಮನದಿಗೆ ಆ ಆಯ್ಕೆ ಇಲ್ಲ. ಲಾರಿಗಾತ್ರದ ಬಂಡೆ, ಮುಷ್ಟಿಗಾತ್ರದ ಕಲ್ಲು, ಹಿಟ್ಟಿನಷ್ಟು ನುಣ್ಣನೆಯ ಪುಡಿ, ಎಲ್ಲ ಒಂದೇ ಗುಡ್ಡೆಯಲ್ಲಿ ಬೆರೆತಿರುತ್ತವೆ. ಬಹಳಷ್ಟು ಕಲ್ಲುಗಳಿಗೆ ಮೂಲೆ ಹಾಗೇ ಇರುತ್ತದೆ.

ಜಾಗದ ಮೇಲೆ ಹೆಸರು ಬದಲಾಗುತ್ತದೆ. ಎರಡೂ ಪಕ್ಕದಲ್ಲಿ ಉದ್ದಕ್ಕೆ ಇರುವುದು ಅಂಚಿನ ಮೊರೇನ್. ತುದಿಯಲ್ಲಿ ಅಡ್ಡಲಾಗಿ ಬಿದ್ದದ್ದು ತುದಿಯ ಮೊರೇನ್. ಎರಡು ಹಿಮನದಿಗಳು ಸೇರಿದಾಗ ಒಳಗಡೆಯ ಎರಡು ಅಂಚುಗಳು ಕೂಡಿ ಮಧ್ಯದಲ್ಲಿ ಹೋಗುವ ಕಲ್ಲಿನ ಸಾಲು ನಡು ಮೊರೇನ್. ಮೇಲಿನಿಂದ ನೋಡಿ ನಡು ಮೊರೇನ್‌ಗಳನ್ನು ಎಣಿಸಿದರೆ ಎಷ್ಟು ಹಿಮನದಿಗಳು ಬಂದು ಸೇರಿವೆ ಅಂತ ತಿಳಿಯುತ್ತದೆ. ಕಲ್ಲಿನ ಬಣ್ಣವೂ ಸುಳಿವು ಕೊಡುತ್ತದೆ. ಭಾಗೀರಥಿ ಶಿಖರಗಳ ಕಡೆಯಿಂದ ಬಂದದ್ದು ಬಿಳಿ ಗ್ರಾನೈಟ್. ರಕ್ತವರ್ಣ ಕಣಿವೆಯ ಕಲ್ಲುಗಳಲ್ಲಿ ಕೆಂಪು ಛಾಯೆ.

ಗೋಮುಖದ ಬಳಿ ನಿಂತು ಎರಡೂ ಪಕ್ಕ ಮೇಲೆ ನೋಡಿ. ಬೂದು ಬಣ್ಣದ ಕಡಿದಾದ ಮಣ್ಣಿನ ಗೋಡೆ ಕಾಣುತ್ತದೆ, ಅದರ ನೆತ್ತಿ ಚೂಪಾಗಿದೆ. ಅದು ಹಳೆಯ ಅಂಚಿನ ಮೊರೇನ್. ಆ ನೆತ್ತಿಯವರೆಗೂ ಒಮ್ಮೆ ಗಡ್ಡೆ ತುಂಬಿತ್ತು. ಎಷ್ಟು ಕರಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಅದಕ್ಕೆ ಗ್ರಾಫೂ ಬೇಡ, ಉಪಗ್ರಹವೂ ಬೇಡ.

ತಪೋವನಕ್ಕೆ ಹತ್ತುವ ದಾರಿ ಅಷ್ಟು ಕಷ್ಟ ಯಾಕೆ?

ಗೋಮುಖದ ಮೇಲೆ ಹಿಮನದಿ ದಾಟಿ, ಆಮೇಲೆ ಇದೇ ಮೊರೇನ್ ಗೋಡೆ ಹತ್ತಬೇಕು. ಅದರಲ್ಲಿ ಕಲ್ಲನ್ನು ಹಿಡಿದಿಡುವ ಬೇರಿಲ್ಲ, ಗಟ್ಟಿ ಮಣ್ಣಿಲ್ಲ. ಕಾಲಿಟ್ಟ ಕಲ್ಲು ಕಾಲಿನ ಜೊತೆಗೇ ಬರುತ್ತದೆ. ಬಿಸಿಲೇರಿದಂತೆ ಒಳಗೆ ಹೆಪ್ಪುಗಟ್ಟಿದ್ದು ಸಡಿಲಾಗಿ ಕಲ್ಲು ಉರುಳುವುದು ಜಾಸ್ತಿ. ಗೈಡ್‌ಗಳು ಬೆಳಗಿನ ಜಾವವೇ ಹೊರಡಿಸುವುದು ಅದಕ್ಕೆ. ಅವರ ಮಾತು ಕೇಳಿ. ಮೇಲೆ ಹೋದರೆ ಸುಮಾರು 4,460 ಮೀಟರ್ ಎತ್ತರದಲ್ಲಿ ಸಮತಟ್ಟಾದ ಹುಲ್ಲುಗಾವಲು, ಅದರ ನಡುವೆ ಅಂಕುಡೊಂಕಾಗಿ ಹರಿಯುವ ಹಳ್ಳ, ಎದುರಿಗೇ ಶಿವಲಿಂಗ ಶಿಖರ.

ಮಂಜಿನ ಕಂಬದ ಮೇಲೆ ಬಂಡೆ ಕೂತ ಫೋಟೋ ನೋಡಿದೆ. ಯಾರು ಇಟ್ಟಿದ್ದು?

ಯಾರೂ ಇಟ್ಟಿಲ್ಲ. ಚಪ್ಪಟೆ ಬಂಡೆಯೊಂದು ಹಿಮನದಿಯ ಮೇಲೆ ಬಿದ್ದಿರುತ್ತದೆ. ಸುತ್ತಲಿನ ಗಡ್ಡೆ ಬಿಸಿಲಿಗೆ ಕರಗಿ ಇಳಿಯುತ್ತದೆ, ಬಂಡೆಯ ನೆರಳಲ್ಲಿರುವುದು ಉಳಿಯುತ್ತದೆ. ಕೆಲವು ವಾರಗಳಲ್ಲಿ ಬಂಡೆ ಕಂಬದ ಮೇಲೆ ಕೂತಂತೆ ಎದ್ದು ನಿಲ್ಲುತ್ತದೆ. ಇದಕ್ಕೆ ಹಿಮನದಿ ಮೇಜು ಅನ್ನುತ್ತಾರೆ. ಬಿಸಿಲು ಕಂಬದ ದಕ್ಷಿಣ ಮಗ್ಗುಲನ್ನು ಜಾಸ್ತಿ ಕರಗಿಸುವುದರಿಂದ ನಮ್ಮ ಉತ್ತರಾರ್ಧ ಗೋಳದಲ್ಲಿ ಬಂಡೆ ದಕ್ಷಿಣಕ್ಕೆ ವಾಲುತ್ತದೆ. ಒಂದು ದಿನ ಆ ಕಡೆಗೇ ಜಾರಿ ಬೀಳುತ್ತದೆ, ಮತ್ತೆ ಹೊಸ ಕಂಬ ಶುರುವಾಗುತ್ತದೆ.

ತೀರಾ ಚಿಕ್ಕದಾದ ಕಪ್ಪು ದೂಳಿನದು ಇದಕ್ಕೆ ಪೂರ್ತಿ ಉಲ್ಟಾ. ದೂಳು ಬಿಸಿಲು ಹೀರಿ ಬಿಸಿಯಾಗಿ, ಗಡ್ಡೆ ಕರಗಿಸಿ ಒಳಗೆ ಇಳಿಯುತ್ತದೆ. ಬೆರಳು ತೂರುವಷ್ಟು ಅಗಲದ ತೂತು, ಅದರ ತುಂಬಾ ತಿಳಿನೀರು, ತಳದಲ್ಲಿ ಒಂದು ಚಿಟಿಕೆ ಕಪ್ಪು ಕೆಸರು. ಆ ಕೆಸರಲ್ಲಿ ಕಣ್ಣಿಗೆ ಕಾಣದ ಜೀವಿಗಳ ಸಂಸಾರವೇ ಇರುತ್ತದೆ. ನನಗೆ ಶಿಖರಗಳಿಗಿಂತ ಇಂಥ ತೂತುಗಳು ಹೆಚ್ಚು ಇಷ್ಟ.

ಭಾಗೀರಥಿ ನೀರು ಗೋಮುಖದಲ್ಲಿ ಬೂದು ಬಣ್ಣ ಯಾಕೆ?

ಹಿಮನದಿಯ ಅಡಿಯಲ್ಲಿ ಸಿಕ್ಕಿದ ಕಲ್ಲು ಬಂಡೆಗೆ ಉಜ್ಜಿ ಉಜ್ಜಿ ನುಣ್ಣನೆ ಪುಡಿಯಾಗುತ್ತದೆ. ಅದು ನೀರಲ್ಲಿ ಬೇಗ ತಳ ಸೇರುವುದಿಲ್ಲ, ತೇಲುತ್ತಲೇ ಇರುತ್ತದೆ. ಅದೇ ಬೂದು ಬಣ್ಣ. ಈ ನೀರು ಸರೋವರಕ್ಕೆ ಸೇರಿ ದಪ್ಪ ಕಣ ಇಳಿದು ಅತಿ ಸಣ್ಣದು ಮಾತ್ರ ಉಳಿದರೆ ಹಸಿರು ಮಿಶ್ರಿತ ನೀಲಿ ಕಾಣುತ್ತದೆ. ಕೆನಡಾದ ಲೇಕ್ ಲೂಯಿಸ್ ಬಣ್ಣದ ಗುಟ್ಟು ಇದೇ.

ಗಡ್ಡೆ ಕೆಲವು ಕಡೆ ನೀಲಿ ಇರುತ್ತಲ್ಲ?

ಗಾಳಿಗುಳ್ಳೆ ತುಂಬಿದ ಗಡ್ಡೆ ಎಲ್ಲ ಬಣ್ಣದ ಬೆಳಕನ್ನೂ ಚದುರಿಸುತ್ತದೆ, ಅದಕ್ಕೆ ಬಿಳಿ. ಹಳೆಯ, ಒತ್ತಿಹೋದ ಗಡ್ಡೆಯಲ್ಲಿ ಗುಳ್ಳೆ ಕಡಿಮೆ. ಬೆಳಕು ಆಳಕ್ಕೆ ಹೋಗುತ್ತದೆ, ದಾರಿಯಲ್ಲಿ ಕೆಂಪು ಹೀರಿಹೋಗಿ ನೀಲಿ ಉಳಿಯುತ್ತದೆ.

ಹಿಮನದಿ ಕೆತ್ತಿದ ಕಣಿವೆಯನ್ನು ಗುರುತಿಸೋದು ಹೇಗೆ?

ನದಿ ಒಂದು ಗೆರೆಯಲ್ಲಿ ಕೆಳಕ್ಕೆ ಕೊರೆಯುತ್ತದೆ. ಕಣಿವೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ ಪಡೆಯುತ್ತದೆ. ಶರಾವತಿ ಕಣಿವೆಯನ್ನು ನೆನಪಿಸಿಕೊಳ್ಳಿ. ಹಿಮನದಿ ಇಡೀ ಕಣಿವೆ ತುಂಬಿಕೊಂಡು ತಳವನ್ನೂ ಪಕ್ಕವನ್ನೂ ಒಟ್ಟಿಗೆ ಸವೆಸುತ್ತದೆ. ಆಗ ತಳ ಅಗಲ, ಗೋಡೆ ನೆಟ್ಟಗೆ, ‘ಯು’ ಆಕಾರ. ಗೋಮುಖಕ್ಕೆ ನಾಲ್ಕು ಕಿಲೋಮೀಟರ್ ಮುಂಚೆ ಸಿಗುವ ಭೋಜ್‌ಬಾಸಾದಲ್ಲಿ ನಿಂತು ಗೋಮುಖದ ಕಡೆ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಗಂಗೋತ್ರಿಯಲ್ಲಿ ಸೂರ್ಯಕುಂಡದ ಬಳಿ ಭಾಗೀರಥಿ ಗ್ರಾನೈಟನ್ನು ಕೊರೆದುಕೊಂಡು ಇಕ್ಕಟ್ಟಾಗಿ ಧುಮುಕುವ ಜಾಗ ಮಾತ್ರ ನದಿಯ ಕೆಲಸ.

ಈ ಹಿಮನದಿ ಈಗಿರುವುದಕ್ಕಿಂತ ತುಂಬಾ ದೊಡ್ಡದಾಗಿತ್ತು. ಸುಮಾರು 60 ಸಾವಿರ ವರ್ಷದ ಹಿಂದೆ ಅದು ಹರ್ಸಿಲ್ ದಾಟಿ ಝಾಲಾವರೆಗೆ, ಅಂದರೆ ಈಗಿನ ತುದಿಯಿಂದ ಸುಮಾರು 40 ಕಿಲೋಮೀಟರ್ ಕೆಳಗಿನವರೆಗೆ ಹರಿದಿತ್ತು. ಬಸ್ಸಲ್ಲಿ ಗಂಗೋತ್ರಿಗೆ ಹೋಗುವವರು ಝಾಲಾ ದಾಟಿದ ಮೇಲೆ ಕಿಟಕಿಯಿಂದ ನೋಡುವುದೆಲ್ಲ ಒಮ್ಮೆ ಗಡ್ಡೆಯ ಕೆಳಗಿದ್ದ ನೆಲ.

ಪಕ್ಕದ ಚಿಕ್ಕ ಹಿಮನದಿ ಅಷ್ಟು ಆಳ ಕೊರೆಯಲಾರದು. ಗಡ್ಡೆ ಕರಗಿದ ಮೇಲೆ ಅದರ ಕಣಿವೆ ಎತ್ತರದಲ್ಲೇ ಉಳಿದು, ನೀರು ಅಲ್ಲಿಂದ ಜಲಪಾತವಾಗಿ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಯೋಸೆಮಿಟಿಯಲ್ಲಿ ಬ್ರೈಡಲ್‌ವೇಲ್ ಜಲಪಾತ ನೋಡಿದವರು ಇಂಥ ಕಣಿವೆಯ ಬಾಯನ್ನೇ ನೋಡಿದ್ದೀರಿ.

ಶಿವಲಿಂಗ ಶಿಖರಕ್ಕೆ ಆ ಚೂಪು ಆಕಾರ ಬಂದಿದ್ದು ಹೇಗೆ?

ಬೆಟ್ಟದ ಮಗ್ಗುಲಲ್ಲಿ ಹಿಮ ಕೂತು ಹಿಮನದಿ ಹುಟ್ಟುವ ಜಾಗದಲ್ಲಿ ಬಂಡೆ ಹಿಂದಕ್ಕೆ ಕೊರೆದುಕೊಂಡು ಹೋಗಿ, ಮೂರು ಕಡೆ ಗೋಡೆ ಇರುವ ದೊಡ್ಡ ಗುಂಡಿಯಾಗುತ್ತದೆ. ಬೆಟ್ಟದ ಹಲವು ಮಗ್ಗುಲಲ್ಲಿ ಹೀಗೇ ನಡೆದರೆ ನಡುವೆ ಚೂಪು ಕೊಂಬು ಉಳಿಯುತ್ತದೆ. 6,543 ಮೀಟರಿನ ಶಿವಲಿಂಗ, ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಎರಡೂ ಇಂಥವು.

ಹಂಪಿಯ ಬಂಡೆಗಳನ್ನು ಹಿಮನದಿ ತಂದು ಹಾಕಿದ್ದಾ?

ಇಲ್ಲ. ಇದನ್ನು ತುಂಬಾ ಜನ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಹಿಮನದಿ ತಂದ ಬಂಡೆ ಅದು ಕೂತ ನೆಲದ ಕಲ್ಲಿಗಿಂತ ಬೇರೆ ಜಾತಿಯದಾಗಿರಬಹುದು, ಯಾಕಂದರೆ ಅದು ಬೇರೆ ಕಡೆಯಿಂದ ಬಂದದ್ದು. ಹಂಪಿಯಲ್ಲಿ ಮೇಲಿನ ಬಂಡೆಯೂ ಕೆಳಗಿನ ಗುಡ್ಡವೂ ಒಂದೇ ಗ್ರಾನೈಟ್. ನೆಲದಡಿಯಲ್ಲಿದ್ದಾಗಲೇ ಅದರಲ್ಲಿ ಉದ್ದಡ್ಡ ಬಿರುಕುಗಳಿದ್ದವು. ನೀರು ಆ ಬಿರುಕಿಗಿಳಿದು ಮೂಲೆಗಳನ್ನು ಕೊಳೆಸಿತು. ಮಣ್ಣು ತೊಳೆದುಹೋದ ಮೇಲೆ ಗುಂಡುಬಂಡೆಗಳು ಒಂದರ ಮೇಲೊಂದು ಇದ್ದ ಜಾಗದಲ್ಲೇ ಉಳಿದವು.

ಶ್ರವಣಬೆಳಗೊಳದ ವಿಂಧ್ಯಗಿರಿಯ ನುಣುಪು ನೋಡಿದರೂ ಅದೇ ಅನುಮಾನ ಬರುತ್ತದೆ. ಅದೂ ಹಿಮನದಿಯದಲ್ಲ. ಅಲ್ಲಿ ಗ್ರಾನೈಟ್ ಪದರ ಪದರವಾಗಿ ಕಳಚಿದೆ. ಹಿಮನದಿ ಉಜ್ಜಿದ ಬಂಡೆಯಲ್ಲಿ ನುಣುಪಿನ ಜೊತೆಗೆ ಒಂದೇ ದಿಕ್ಕಿಗೆ ಹೋಗುವ ಗೀರುಗಳು ಇರುತ್ತವೆ. ಅದೇ ಪರೀಕ್ಷೆ.

ಹಾಗಾದರೆ ನಮ್ಮ ಕಡೆ ಹಿಮನದಿ ಯಾವತ್ತೂ ಇರಲೇ ಇಲ್ವಾ?

ನಮ್ಮ ಗಡಿಯಿಂದ ಅಷ್ಟೇನೂ ದೂರವಲ್ಲದ ಕಡೆ ಗುರುತು ಇದೆ. ಸುಮಾರು 30 ಕೋಟಿ ವರ್ಷದ ಹಿಂದೆ ಭಾರತ ಗೊಂಡ್ವಾನ ಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆ ಇತ್ತು. ಆಗಿನ ಹಿಮನದಿಗಳು ಬಿಟ್ಟ ಕಲ್ಲುಮಣ್ಣಿನ ಪದರ ಒಡಿಶಾದ ತಾಲ್ಚೇರ್‌ನಲ್ಲಿದೆ. ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರಾಯಿ ಎಂಬಲ್ಲಿ ಗೀರುಬಿದ್ದ ನುಣುಪು ಬಂಡೆಯೇ ಸಿಕ್ಕಿದೆ. ಸುಡುಬಿಸಿಲಿಗೆ ಹೆಸರಾದ ಊರಲ್ಲಿ ಹಿಮನದಿಯ ಗೀರು!

ಹಿಮನದಿ ಸರೋವರ ಒಡೆಯೋದು ಅಂದರೆ ಏನು? ಕೇದಾರನಾಥದಲ್ಲಿ ಆಗಿದ್ದು ಅದೇನಾ?

ಹಿಮನದಿ ಹಿಂದೆ ಸರಿದಾಗ ಅದಕ್ಕೂ ಅದರ ಮೊರೇನ್‌ಗೂ ನಡುವೆ ತಗ್ಗು ಉಳಿದು ನೀರು ತುಂಬುತ್ತದೆ. ನೀರನ್ನು ತಡೆದಿರುವ ಕಟ್ಟೆ ಸಡಿಲ ಕಲ್ಲುಮಣ್ಣಿನದು. ಅದರೊಳಗೆ ಕೆಲವು ಕಡೆ ಹಳೆಯ ಗಡ್ಡೆಯೂ ಇರುತ್ತದೆ. ಜೋರು ಮಳೆ ಬಂದರೆ, ಮೇಲಿಂದ ಬಂಡೆಯೋ ಹಿಮವೋ ಸರೋವರಕ್ಕೆ ಬಿದ್ದು ಅಲೆ ಎದ್ದರೆ, ಕಟ್ಟೆ ಕೊಚ್ಚಿಹೋಗುತ್ತದೆ.

ಕೇದಾರನಾಥದ ಮೇಲೆ ಚೋರಾಬಾರಿ ಹಿಮನದಿಯ ಪಕ್ಕ ಇಂಥ ಸರೋವರ ಇತ್ತು. ಮಹಾತ್ಮ ಗಾಂಧಿಯವರ ಚಿತಾಭಸ್ಮ ವಿಸರ್ಜಿಸಿದ್ದರಿಂದ ಗಾಂಧಿ ಸರೋವರ ಅಂತಲೂ ಕರೆಯುತ್ತಿದ್ದರು. 2013ರ ಜೂನ್ 16 ಮತ್ತು 17ರ ಭಾರಿ ಮಳೆಗೆ ನೀರು ತುಂಬಿ, 17ರ ಬೆಳಿಗ್ಗೆ ಮೊರೇನ್ ಕಟ್ಟೆ ಒಡೆಯಿತು. ಕೇದಾರನಾಥ ಊರು ಕೂತಿರುವುದೂ ಹಿಮನದಿಯ ನೀರು ತಂದು ಹರಡಿದ ಕಲ್ಲುಮರಳಿನ ಮೇಲೆಯೇ. ಸಿಕ್ಕಿಂನಲ್ಲಿ 2023ರ ಅಕ್ಟೋಬರ್ 3ರ ರಾತ್ರಿ ಅಂಚಿನ ಮೊರೇನ್ ಕುಸಿದು ದಕ್ಷಿಣ ಲ್ಹೋನಾಕ್ ಸರೋವರಕ್ಕೆ ಬಿತ್ತು. ಅಲೆಗೆ ಸರೋವರ ಒಡೆದು, ಚುಂಗ್‌ಥಾಂಗ್‌ನಲ್ಲಿ ತೀಸ್ತಾ-3 ಅಣೆಕಟ್ಟೆಯೇ ಕೊಚ್ಚಿಹೋಯಿತು.

2021ರ ಫೆಬ್ರವರಿ 7ರ ಚಮೋಲಿ ದುರಂತ ಮಾತ್ರ ಬೇರೆ. ಅಲ್ಲಿ ಸರೋವರ ಒಡೆದಿರಲಿಲ್ಲ. ರೋಂಟಿ ಶಿಖರದ ಮಗ್ಗುಲಿನ ಬಂಡೆಯೇ ತನ್ನ ಮೇಲಿದ್ದ ಹಿಮನದಿ ಸಮೇತ ಕಳಚಿ ಬಿತ್ತು. ಸುದ್ದಿಯಲ್ಲಿ ಎಲ್ಲವನ್ನೂ ‘ಹಿಮನದಿ ಸ್ಫೋಟ’ ಅಂತ ಒಂದೇ ಹೆಸರಲ್ಲಿ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಕಾರಣ ಬೇರೆಯಾದರೆ ಮುನ್ನೆಚ್ಚರಿಕೆಯೂ ಬೇರೆಯಾಗಬೇಕು. ಸರೋವರದ ನೀರಿನ ಮಟ್ಟವನ್ನು ಅಳೆಯುತ್ತಾ ಇರಬಹುದು, ಕಳಚಲಿರುವ ಬಂಡೆಯನ್ನು ಪತ್ತೆ ಮಾಡುವುದು ಅದಕ್ಕಿಂತ ತುಂಬಾ ಕಷ್ಟ.

ಸಿಯಾಚಿನ್‌ನಲ್ಲಿ ನಮ್ಮ ಹನುಮಂತಪ್ಪ ಕೊಪ್ಪದ ಸಿಕ್ಕಿಹಾಕಿಕೊಂಡಿದ್ದು ಹಿಮನದಿಯೊಳಗಾ?

ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ, ನುಬ್ರಾ ನದಿ ಹುಟ್ಟುವುದು ಅದರ ತುದಿಯಲ್ಲಿ. ಆದರೆ 2016ರ ಫೆಬ್ರವರಿ 3ರಂದು ಆದದ್ದು ಹಿಮಕುಸಿತ. ಹಿಮನದಿ ವರ್ಷಗಟ್ಟಲೆ ನಿಧಾನವಾಗಿ ಹರಿಯುತ್ತದೆ, ಹಿಮಕುಸಿತ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ದೊಡ್ಡ ಮಂಜಿನ ಗೋಡೆ ಕುಸಿದು ಹತ್ತು ಯೋಧರಿದ್ದ ಠಾಣೆಯನ್ನು ಹೂತುಹಾಕಿತು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಆರು ದಿನದ ಮೇಲೆ ಜೀವಂತವಾಗಿ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹಿಮನದಿಗಳನ್ನು ಅಳೆಯುವ ಕೆಲಸ ಕರ್ನಾಟಕದಲ್ಲಿ ಯಾರಾದರೂ ಮಾಡುತ್ತಾರಾ?

ಮಾಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಹಿಮಾಲಯದ ಹಿಮನದಿಗಳ ದಪ್ಪ, ಮುಂದೆ ಎಲ್ಲೆಲ್ಲಿ ಸರೋವರ ಆಗಬಹುದು ಎಂಬುದನ್ನೆಲ್ಲ ಲೆಕ್ಕ ಹಾಕಿದ್ದಾರೆ. ಭೂವಿಜ್ಞಾನ ಓದುತ್ತಿರುವ ಮಕ್ಕಳಿಗೆ ಇದು ಗೊತ್ತಿರಲಿ. ಈ ಕೆಲಸಕ್ಕೆ ಹಿಮಾಲಯದಲ್ಲೇ ಹುಟ್ಟಿರಬೇಕು ಅಂತೇನಿಲ್ಲ.

ಗಂಗೋತ್ರಿ ಕರಗಿಹೋದರೆ ಗಂಗೆ ಬತ್ತುತ್ತಾಳಾ?

ಬಯಲುಸೀಮೆಯ ಗಂಗೆಗೆ ಬಹುಪಾಲು ನೀರು ಮಳೆಯಿಂದ, ಉಪನದಿಗಳಿಂದ, ಅಂತರ್ಜಲದಿಂದ ಬರುತ್ತದೆ. ಪಟ್ನಾದಲ್ಲಿ ನದಿ ಬತ್ತುವುದಿಲ್ಲ. ಹೊಡೆತ ಬೀಳುವುದು ಮೇಲಿನ ಕಣಿವೆಗಳಿಗೆ, ಅದರಲ್ಲೂ ಮಳೆಗೆ ಮುಂಚಿನ ಬೇಸಿಗೆ ತಿಂಗಳುಗಳಲ್ಲಿ. ಹರ್ಸಿಲ್, ಧರಾಲಿ ಕಡೆ ಸೇಬು ಬೆಳೆಯುವವರಿಗೆ, ಕಣಿವೆಯ ಹಳ್ಳಿಗಳಿಗೆ ಆ ನೀರು ಬೇಕೇ ಬೇಕು.

ಗೋಮುಖಕ್ಕೆ ಯಾವಾಗ ಹೋಗಬೇಕು? ಏನೇನು ನೋಡಬೇಕು?

ಗಂಗೋತ್ರಿ ದೇವಸ್ಥಾನ ಅಕ್ಷಯ ತೃತೀಯಕ್ಕೆ ತೆರೆದು ದೀಪಾವಳಿಗೆ ಮುಚ್ಚುತ್ತದೆ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಒಳ್ಳೆಯ ಸಮಯ. ಮಳೆಗಾಲದಲ್ಲಿ ಬೇಡ. ಇದು ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗಿನ ದಾರಿ, ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ 150 ಜನರ ಮಿತಿ ಇಟ್ಟಿದ್ದಾರೆ, ಮೊದಲೇ ಮಾಡಿಸಿಕೊಳ್ಳಿ. ಗಂಗೋತ್ರಿಯಲ್ಲಿ ಒಂದು ದಿನ ಉಳಿದು ಎತ್ತರಕ್ಕೆ ಮೈ ಹೊಂದಿಸಿಕೊಂಡು ಆಮೇಲೆ ಹೊರಡಿ. 9ನೇ ಕಿಲೋಮೀಟರಿಗೆ ಚೀರ್‌ಬಾಸಾ, 14ಕ್ಕೆ ಭೋಜ್‌ಬಾಸಾ, 18ಕ್ಕೆ ಗೋಮುಖ.

ಭೋಜ್‌ಬಾಸಾದ ಸುತ್ತಲಿನ ಕಲ್ಲುದಿಣ್ಣೆಗಳನ್ನು ದಾಟಿ ಸುಮ್ನೆ ಮುಂದೆ ಹೋಗಬೇಡಿ. ಅವು ಕೆಲವು ನೂರು ವರ್ಷಗಳ ಹಿಂದೆ ಹಿಮನದಿ ಅಲ್ಲಿಯವರೆಗೆ ಬಂದಿದ್ದಾಗ ಬಿಟ್ಟ ಮೊರೇನ್‌ಗಳು. ದಾರಿ ಪಕ್ಕದ ನುಣುಪು ಬಂಡೆಗಳ ಮೇಲೆ ಕೈಯಾಡಿಸಿ ಗೀರು ಹುಡುಕಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಅವು ಚೆನ್ನಾಗಿ ಕಾಣುತ್ತವೆ.

ಮೂತಿಯ ಹತ್ತಿರ ಮಾತ್ರ ಹೋಗಬೇಡಿ. ತೀರ್ಥ ತುಂಬಿಕೊಳ್ಳಬೇಕು ಅಂದರೆ ಕೆಳಗಡೆ, ಭೋಜ್‌ಬಾಸಾ ಕಡೆ ನದಿ ಶಾಂತವಾಗಿರುವ ಕಡೆ ತುಂಬಿಕೊಳ್ಳಿ. ಅದೂ ಅದೇ ನೀರು. ಗುಹೆಯ ಮುಂದೆ ನಿಂತು ಸೆಲ್ಫಿ ತೆಗೆಯುವಾಗ ಮೇಲಿಂದ ಗಡ್ಡೆ ಕುಸಿದರೆ ಓಡಲು ಸಮಯ ಇರುವುದಿಲ್ಲ. ಎಚ್ಚರಿಕೆ ಫಲಕ ಎಲ್ಲಿದೆಯೋ ಅಲ್ಲೇ ನಿಲ್ಲಿ, ಮಧ್ಯಾಹ್ನದೊಳಗೆ ಭೋಜ್‌ಬಾಸಾಕ್ಕೆ ವಾಪಸ್ ಬನ್ನಿ.